ಅಮ್ಮನ ಹಿಮ್ಮಡಿ ನೋವು: ಎಕ್ಸರೇಯಲ್ಲಿ ಮುಳ್ಳು ಇದೆಯಂತೆ, ಎಂಆರ್‌ಐ ಮಾಡಿಸಲೇಬೇಕಾ?

ಕೆಟಿಜೆ ನಗರದ ಹುಡುಗಿ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆಯವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ಹೇಳಿ. ನಮ್ಮಮ್ಮನಿಗೆ 51 ವರ್ಷ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ನಾಲ್ಕು ತಿಂಗಳಿಂದ ಬಲಗಾಲಿನ ಹಿಮ್ಮಡಿ ನೋವು. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಗೋಡೆ ಹಿಡಿದುಕೊಳ್ಳುತ್ತಾರೆ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸ್ವಲ್ಪ ಕಮ್ಮಿ. ಮಧ್ಯಾಹ್ನ ಪಾತ್ರೆ ತೊಳೆದು, ಒಂದರ್ಧ ಗಂಟೆ ಕೂತು ಎದ್ದರೆ ಮತ್ತೆ ಶುರು.

ಹೋದ ವಾರ ಒಂದು ಕಡೆ ತೋರಿಸಿದೆವು. ಡಾಕ್ಟರು ಕಾಲು ಮುಟ್ಟಲೇ ಇಲ್ಲ, ಎಕ್ಸರೇ ಬರೆದುಕೊಟ್ಟರು. ಫಿಲ್ಮ್ ನೋಡಿ "ಮೂಳೆ ಮುಳ್ಳು ಬೆಳೆದಿದೆ, ಎಂಆರ್‌ಐ ಮಾಡಿಸಿ, ಆಮೇಲೆ ಆಪರೇಷನ್ ಬಗ್ಗೆ ನೋಡೋಣ" ಅಂದರು. ಎಂಆರ್‌ಐಗೆ ಏಳೂವರೆ ಸಾವಿರ ಅಂತೆ. ದುಡ್ಡು ಹೇಗೋ ಹೊಂದಿಸಬಹುದು. ಆದರೆ ಅಮ್ಮ ಆವತ್ತಿಂದ ಕಾಲೂರಲು ಹೆದರುತ್ತಿದ್ದಾರೆ. ಮುಳ್ಳು ಇನ್ನೂ ಒಳಗೆ ಹೋಗುತ್ತದೆ ಅಂತ ಅವರ ಭಯ.

ಬೆಣ್ಣೆದೋಸೆ ಖಾಲಿ

ನಮ್ಮತ್ತೆಗೂ ಇದೇ ಇತ್ತು. ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಊರಿ ಅಂತ ಓಣಿಯವರೆಲ್ಲ ಹೇಳಿದರು. ಮೂರು ವಾರ ತುಳಿದರು. ನೋವು ಹೋಯಿತೋ ಇಲ್ಲವೋ ಗೊತ್ತಿಲ್ಲ, ಪಕ್ಕದ ಮನೆಯವರ ಎಕ್ಕದ ಗಿಡ ಬೋಳಾಯಿತು.

ಡಾರ್ಕ್‌ರೂಮ್ ಅಣ್ಣ

ಬಿಸಿ ಇಟ್ಟಿಗೆಯಿಂದ ಹಾಯೆನಿಸಬಹುದು, ಬೇಡ ಅನ್ನಲ್ಲ. ಆದರೆ ಶುಗರ್ ಇದ್ದು ಪಾದಕ್ಕೆ ಸ್ಪರ್ಶ ಕಮ್ಮಿ ಇರುವವರು ಖಂಡಿತ ಮಾಡಬಾರದು. ಬೆಂದದ್ದೇ ಗೊತ್ತಾಗುವುದಿಲ್ಲ.

ತಂಗೀ, ನಾನು ಡಾಕ್ಟರಲ್ಲ. ಎಕ್ಸರೇ ಟೆಕ್ನಿಷಿಯನ್, ಇಪ್ಪತ್ತೆರಡು ವರ್ಷ ಆಯಿತು. ಫಿಲ್ಮನ್ನು ತೊಟ್ಟಿಯಲ್ಲಿ ತೊಳೆದು ಕ್ಲಿಪ್ ಹಾಕಿ ಒಣಗಿಸುತ್ತಿದ್ದ ಕಾಲದಿಂದ ಇದೇ ಕೆಲಸ. ಹಿಮ್ಮಡಿ ಫಿಲ್ಮ್ ಎಷ್ಟು ತೆಗೆದಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಕಂಡಿದ್ದು ಹೇಳುತ್ತೇನೆ.

ಮೊದಲು ಆ ಮುಳ್ಳಿನ ವಿಷಯ. ಹೆಸರೇ ಕೆಟ್ಟದ್ದು. ಕೇಳಿದವರಿಗೆ ಜಾಲಿ ಮುಳ್ಳು ನೆನಪಾಗುತ್ತದೆ, ಅಲ್ವಾ? ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಆ ಮೊನೆ ನೆಲದ ಕಡೆಗೆ ಇರುವುದಿಲ್ಲ. ಬೆರಳುಗಳ ಕಡೆಗೆ, ಅಡ್ಡಕ್ಕೆ ಚಾಚಿರುತ್ತದೆ. ಅಮ್ಮ ಕಾಲೂರಿದರೆ ಅದು ಮಾಂಸದೊಳಗೆ ಇಳಿಯುವ ಮಾತೇ ಇಲ್ಲ. ಇನ್ನೊಂದು ವಿಷಯ. ಉಳುಕಿದ ಕಾಲಿಗೆ ಅಂತ ಫಿಲ್ಮ್ ತೆಗೆದವರಲ್ಲೂ ಎಷ್ಟೋ ಜನಕ್ಕೆ ಈ ಮುಳ್ಳು ಇರುತ್ತದೆ. ಅವರು ಒಂದು ದಿನವೂ ಹಿಮ್ಮಡಿ ನೋವು ಅಂದವರಲ್ಲ. ಮುಳ್ಳಿಲ್ಲದೆ ನರಳುವವರೂ ಅಷ್ಟೇ ಜನ.

ಎಕ್ಸರೇ ಅಂದರೆ ಮೂಳೆಯ ನೆರಳು. 1895ರಲ್ಲಿ ರಾಂಟ್‌ಜೆನ್ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದಾಗಲೂ ಎದ್ದು ಕಂಡಿದ್ದು ಮೂಳೆ ಮತ್ತು ಉಂಗುರ. ಇವತ್ತಿಗೂ ಹೆಚ್ಚುಕಮ್ಮಿ ಅದೇ ಕಥೆ. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದೆ. ಬಿಲ್ಲಿಗೆ ಹೆದೆ ಇದ್ದ ಹಾಗೆ. ನಿಮ್ಮಮ್ಮನ ನೋವು ಬಹುಶಃ ಆ ಪಟ್ಟಿ ಹಿಮ್ಮಡಿ ಮೂಳೆಗೆ ಅಂಟುವ ಜಾಗದ್ದು. ಡಾಕ್ಟರುಗಳು ಪ್ಲಾಂಟಾರ್ ಫ್ಯಾಸೈಟಿಸ್ ಅಂತಾರೆ. ಆ ಪಟ್ಟಿಯ ತೊಂದರೆ ಎಕ್ಸರೇಯಲ್ಲಿ ಸರಿಯಾಗಿ ಕಾಣುವುದಿಲ್ಲ.

ಹಾಗಂತ ಎಕ್ಸರೇ ದಂಡ ಅಂದುಕೊಳ್ಳಬೇಡಿ. ಮೂಳೆ ಬಿರುಕು, ಗೆಡ್ಡೆ ಇಲ್ಲ ಅಂತ ನೋಡೋಕೆ ಬೇಕಾಗುತ್ತದೆ. ವಿಕಿರಣದ ಭಯವೂ ಬೇಡ. ಪಾದದ ಒಂದು ಫಿಲ್ಮಿಗೆ 0.001 ಮಿಲಿಸೀವರ್ಟ್ ಆಸುಪಾಸು. ಮಣ್ಣು, ಕಲ್ಲು, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಬೀಳುತ್ತಲೇ ಇರುತ್ತದೆ.

ಒಂದೆರಡು ಪ್ರಶ್ನೆ. ಹೆಬ್ಬೆರಳಿನಿಂದ ಒತ್ತಿ ನೋಡಿ, ಅತಿ ನೋವು ಎಲ್ಲಿ? ಒಂದೇ ಕಾಲಾ, ಎರಡೂನಾ? ರಾತ್ರಿ ಮಲಗಿದಾಗಲೂ ನೋವಿದೆಯಾ? ಜೋಮು, ಉರಿ ಇದೆಯಾ? ಶುಗರ್ ನೋಡಿಸಿದ್ದೀರಾ?

ಹರಿಹರದ ಫಿಸಿಯೋ

ಅಣ್ಣ ಕೇಳಿದ್ದರಲ್ಲೇ ಅರ್ಧ ಉತ್ತರ ಇದೆ. ಬೆಳಗಿನ ಮೊದಲ ಹೆಜ್ಜೆಗೆ ಜೀವ ಹೋಗುವ ನೋವು, ನಾಲ್ಕು ಹೆಜ್ಜೆಗೆ ಕಮ್ಮಿ, ಕೂತು ಎದ್ದರೆ ಮತ್ತೆ. ಇಷ್ಟು ಕೇಳಿದರೇ ಅನುಮಾನ ಒಂದೇ ಕಡೆ ಹೋಗುತ್ತದೆ.

ನಾನು ಪರೀಕ್ಷೆ ಮಾಡುವಾಗ ರೋಗಿಯನ್ನು ಮಲಗಿಸಿ, ಹಿಮ್ಮಡಿಯ ತಳದಲ್ಲಿ ಒಳಬದಿಗೆ, ಅಂದರೆ ಇನ್ನೊಂದು ಕಾಲಿನ ಕಡೆಗೆ, ಹೆಬ್ಬೆರಳು ಒತ್ತುತ್ತೇನೆ. ಪಟ್ಟಿಯದ್ದೇ ತೊಂದರೆಯಾದರೆ ಅಲ್ಲೇ ಕಾಲು ಎಳೆದುಕೊಳ್ಳುತ್ತಾರೆ. ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಬಾಗಿಸಿದರೆ ಪಟ್ಟಿ ಬಿಗಿಯುತ್ತದೆ, ಆಗಲೂ ಕೆಲವರಿಗೆ ನೋವು. ಆಮೇಲೆ ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಂಗೈಯಲ್ಲಿ ಹಿಡಿದು ಹಿಂಡುತ್ತೇನೆ, ನಿಂಬೆಹಣ್ಣು ಹಿಂಡಿದ ಹಾಗೆ. ಅದಕ್ಕೆ ಜೋರು ನೋವು ಬಂದರೆ ಪಟ್ಟಿ ಬಿಟ್ಟು ಮೂಳೆಯ ಬಿರುಕಿನ ಬಗ್ಗೆ ಯೋಚಿಸಬೇಕು. ಹರಡಿನ ಒಳಬದಿಯ ಗುಬಟಿನ ಕೆಳಗೆ ಬೆರಳಲ್ಲಿ ತಟ್ಟಿದಾಗ ಅಂಗಾಲಿಗೆ ಕರೆಂಟ್ ಹೊಡೆದ ಹಾಗಾದರೆ ಅದು ನರದ ಒತ್ತಡ. ಮೂವತ್ತರ ಒಳಗಿನ ಹುಡುಗರು ಎರಡೂ ಹಿಮ್ಮಡಿ ನೋವು, ಬೆಳಗ್ಗೆ ಸೊಂಟ ಮುಕ್ಕಾಲು ಗಂಟೆ ಬಿಗಿ ಅಂದರೆ ವಾತದ ಡಾಕ್ಟರ ಹತ್ತಿರ ಕಳಿಸುತ್ತೇನೆ.

ಇದಿಷ್ಟಕ್ಕೂ ಐದು ನಿಮಿಷ ಸಾಕು, ಕರೆಂಟೂ ಬೇಡ.

ಅನುಮಾನ ಉಳಿದರೆ ಎಂಆರ್‌ಐಗಿಂತ ಮೊದಲು ಪಾದದ ಅಲ್ಟ್ರಾಸೌಂಡ್ ಇದೆ. ನಮ್ಮ ಕಡೆ ಸ್ಕ್ಯಾನಿಂಗ್ ಅಂದರೆ ಹೊಟ್ಟೆಗೆ ಮಾತ್ರ ಅಂತ ತಿಳಿದಿದ್ದಾರೆ. ಅದೇ ಜೆಲ್ ಹಚ್ಚಿ ಅಂಗಾಲನ್ನೂ ನೋಡಬಹುದು. ಪಟ್ಟಿಯ ದಪ್ಪ 4 ಮಿಲಿಮೀಟರ್ ದಾಟಿದ್ದರೆ ಊದಿಕೊಂಡಿದೆ ಅಂತ ಅರ್ಥ. ಹುಷಾರಿಲ್ಲದ ಕಾಲನ್ನೂ ಚೆನ್ನಾಗಿರುವ ಕಾಲನ್ನೂ ಅಕ್ಕಪಕ್ಕ ಅಳೆಯಬೇಕು.

ಕೆಟಿಜೆ ನಗರದ ಹುಡುಗಿ

ಒತ್ತಿ ನೋಡಿದೆ. ನೀವು ಹೇಳಿದ ಜಾಗಕ್ಕೆ ಹೆಬ್ಬೆರಳು ಹೋಗುತ್ತಿದ್ದ ಹಾಗೇ ಅಮ್ಮ ನನ್ನ ಕೈಗೆ ಹೊಡೆದರು. 😄 ಪಕ್ಕದಿಂದ ಹಿಂಡಿದರೆ ಏನಿಲ್ಲ. ಜೋಮಿಲ್ಲ. ರಾತ್ರಿ ನಿದ್ದೆ ಚೆನ್ನಾಗಿದೆ. ಶುಗರ್ ಎರಡು ತಿಂಗಳ ಹಿಂದೆ ನಾರ್ಮಲ್. ಅಡುಗೆ ಕೋಣೆಯಲ್ಲಿ ಬರಿಗಾಲು, ಸಿಮೆಂಟ್ ನೆಲ, ದಿನಕ್ಕೆ ಐದು ಗಂಟೆ ನಿಂತೇ ಇರುತ್ತಾರೆ. ಇದನ್ನು ಅಲ್ಲಿ ಯಾರೂ ಕೇಳಲೇ ಇಲ್ಲ.

ವಿದ್ಯಾನಗರ 2ನೇ ಕ್ರಾಸ್

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ? ಎಂಆರ್‌ಐ ಮಾಡಿಸಿದರೆ ಎಲ್ಲ ಕಾಣುತ್ತದೆ. ನಾನು ಮಂಡಿಗೆ ಮಾಡಿಸಿದೆ, ಸವಕಲು, ಹರಿದಿದ್ದು, ನೀರು ತುಂಬಿದ್ದು, ಎಲ್ಲ ಎರಡು ಪುಟ ಬರೆದುಕೊಟ್ಟರು.

ಡಾರ್ಕ್‌ರೂಮ್ ಅಣ್ಣ

ಸರ್, ನಾನು ಆ ಮೆಷಿನ್ ಪಕ್ಕ ಕೂತೇ ಅನ್ನ ತಿನ್ನುವವನು. ಆದರೂ ಹೇಳುತ್ತೇನೆ, ಎಲ್ಲ ಕಾಣುತ್ತದೆ ಅನ್ನುವುದೇ ಅದರ ತೊಂದರೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಲ್ಲಿ 50ರಿಂದ 90 ವರ್ಷದವರನ್ನು ಸುಮ್ನೆ ಆರಿಸಿ ಮಂಡಿಗೆ ಎಂಆರ್‌ಐ ಮಾಡಿದ್ದರು. 2008ರಲ್ಲಿ ಅದರ ವರದಿ ಬಂತು. ಮಂಡಿಯೊಳಗಿನ ಮೆತ್ತೆ ಹರಿದಿದ್ದವರಲ್ಲಿ 61% ಜನಕ್ಕೆ ಹಿಂದಿನ ಒಂದು ತಿಂಗಳಲ್ಲಿ ನೋವೇ ಇರಲಿಲ್ಲ. ತಲೆಗೂದಲು ನೆರೆತ ಹಾಗೆ ಮಂಡಿಯೂ ನೆರೆಯುತ್ತದೆ. ರಿಪೋರ್ಟಿನಲ್ಲಿ ಬರೆದಿದ್ದೆಲ್ಲ ನಿಮ್ಮ ನೋವಿನ ಕಾರಣ ಆಗಬೇಕಿಲ್ಲ.

ಎಂಆರ್‌ಐ ಬೇಕೇ ಬೇಕು ಅನ್ನುವ ಕೇಸುಗಳೂ ಇವೆ. ಹೋದ ವರ್ಷ ಒಬ್ಬ ಕಬಡ್ಡಿ ಹುಡುಗ ಬಂದಿದ್ದ. ರೈಡ್ ಹೋಗಿ ತಿರುಗುವಾಗ ಮಂಡಿಯಲ್ಲಿ ಟಪ್ ಅಂತ ಸದ್ದು, ಎರಡು ಗಂಟೆಯೊಳಗೆ ಮಂಡಿ ಕುಂಬಳಕಾಯಿ. ಎಕ್ಸರೇ ನಾರ್ಮಲ್. ನಾಟಿ ಕಟ್ಟು ಕಟ್ಟಿಸಿಕೊಂಡು ಎರಡು ತಿಂಗಳು ಇದ್ದ. ಊತ ಇಳಿಯಿತು, ಆದರೆ ಮೆಟ್ಟಿಲು ಇಳಿಯುವಾಗ ಮಂಡಿ ಕೈಕೊಡುತ್ತಿತ್ತು. ಮೂಳೆ ಡಾಕ್ಟರು ಮಂಡಿಯನ್ನು ಸ್ವಲ್ಪವೇ ಬಾಗಿಸಿ ಮೊಣಕಾಲಿನ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದು ನೋಡಿದರು. ಅದು ಬಿಗಿಯಾಗಿ ನಿಲ್ಲದೆ ಹಾಗೇ ಜಾರಿ ಬಂತು. ಆಮೇಲೆ ಎಂಆರ್‌ಐ. ಮಂಡಿಯ ಎರಡು ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಹಗ್ಗ ಪೂರ್ತಿ ತುಂಡು. ಏನು ಹುಡುಕಬೇಕು ಅಂತ ಗೊತ್ತಿದ್ದು ಕಳಿಸಿದ ಸ್ಕ್ಯಾನ್ ಅದು. ಬರೀ "ಮಂಡಿ ನೋವು" ಅಂತ ಬರೆದು ಕಳಿಸಿದ ಚೀಟಿಗೂ ಅದಕ್ಕೂ ಬಹಳ ವ್ಯತ್ಯಾಸ.

ಸವಕಲು ಅಂದಿರಲ್ಲ, ಅದಕ್ಕೆ ಸಾದಾ ಎಕ್ಸರೇ ಸಾಕು. ಆದರೆ ನಿಂತುಕೊಂಡು ತೆಗೆಯಬೇಕು. ಮಲಗಿಸಿ ತೆಗೆದರೆ ಎರಡು ಮೂಳೆ ನಡುವೆ ಜಾಗ ಇದ್ದ ಹಾಗೇ ಕಾಣುತ್ತದೆ. ಮೈಭಾರ ಬಿದ್ದಾಗಲೇ ಬಣ್ಣ ಬಯಲು. ಚಪ್ಪಟೆ ಪಾದಕ್ಕೂ ಅಷ್ಟೇ. ಮಂಚದಿಂದ ಮಂಚಕ್ಕೆ ಸಾಗಿಸುವ ಗಡಿಬಿಡಿಯಲ್ಲಿ ಎಷ್ಟೋ ಕಡೆ ಮಲಗಿಸಿಯೇ ತೆಗೆಯುತ್ತಾರೆ, ನಾನೂ ತೆಗೆದಿದ್ದೇನೆ. ಚೀಟಿಯಲ್ಲಿ "ನಿಲ್ಲಿಸಿ" ಅಂತ ಬರೆದಿದ್ದರೆ ನೆನಪಿಸಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ.

1600 ಮೀಟರ್

ಅಣ್ಣ, ಪೊಲೀಸ್ ಕಾನ್‌ಸ್ಟೆಬಲ್ ಫಿಸಿಕಲ್‌ಗೆ ಓಡುತ್ತಿದ್ದೇನೆ. ಮೂರು ವಾರದಲ್ಲಿ ಓಟ ಡಬಲ್ ಮಾಡಿದೆ. ಈಗ ಪಾದದ ಮೇಲ್ಭಾಗ, ಎರಡನೇ ಬೆರಳಿನ ಹಿಂದೆ, ಒಂದು ರೂಪಾಯಿಯಷ್ಟು ಜಾಗದಲ್ಲಿ ಮುಟ್ಟೋಕಾಗಲ್ಲ. ಎಕ್ಸರೇ ನಾರ್ಮಲ್ ಬಂತು. ಓಡಬಹುದಾ?

ಹರಿಹರದ ಫಿಸಿಯೋ

ಬೇಡ ತಮ್ಮಾ. ನೀನು ಹೇಳಿದ್ದು ಕೇಳಿದರೆ ಮೂಳೆ ಆಯಾಸಗೊಂಡು ಬಿಟ್ಟ ಕೂದಲೆಳೆ ಬಿರುಕಿನ ಹಾಗಿದೆ. 1855ರಲ್ಲೇ ಪ್ರಷ್ಯಾದ ಒಬ್ಬ ಸೇನಾ ವೈದ್ಯ ಹೊಸ ಸಿಪಾಯಿಗಳ ಪಾದದಲ್ಲಿ ಇದನ್ನು ಗುರುತಿಸಿ ಬರೆದಿದ್ದ, ಆಗ ಎಕ್ಸರೇಯೇ ಇರಲಿಲ್ಲ. ಮೊದಲ ಎರಡು ಮೂರು ವಾರ ಎಕ್ಸರೇಯಲ್ಲಿ ಇದು ಕಾಣದೇ ಇರಬಹುದು. ಮೂಳೆ ಕೂಡಿಕೊಳ್ಳಲು ಶುರುವಾದ ಮೇಲೆ ಅಲ್ಲಿ ಬೆಳ್ಳಗೆ ಗಂಟು ಕಟ್ಟುತ್ತದೆ, ಆಗ ಕಾಣುತ್ತದೆ. ಈಗಲೇ ಗೊತ್ತಾಗಬೇಕು ಅಂದರೆ ಎಂಆರ್‌ಐ, ಇಲ್ಲವೇ ಓಟ ನಿಲ್ಲಿಸಿ ಎರಡು ವಾರ ಬಿಟ್ಟು ಮತ್ತೆ ಫಿಲ್ಮ್. ನಾರ್ಮಲ್ ಫಿಲ್ಮ್ ನಂಬಿ ಓಡಿದರೆ ಬಿರುಕು ಹೋಗಿ ಮುರಿತ ಆಗುತ್ತದೆ, ಆಮೇಲೆ ಈ ಸಲದ ಸೆಲೆಕ್ಷನ್ ಪೂರ್ತಿ ಹೋಗುತ್ತದೆ. ಮೂಳೆ ಡಾಕ್ಟರಿಗೆ ಆ ಜಾಗ ಒತ್ತಿ ತೋರಿಸು.

ಅಡಿಕೆ ತೋಟ, ಚನ್ನಗಿರಿ

ನಮ್ಮ ಕಡೆ ಹಿಮ್ಮಡಿ ಅಂದರೆ ಬೇರೆಯೇ ನೆನಪು. ಅಡಿಕೆ ಕೊನೆ ತೆಗೆಯುವವನೊಬ್ಬ ಮರದಿಂದ ಜಾರಿ ನೇರ ಕಾಲ ಮೇಲೆ ಬಿದ್ದ. ಹಿಮ್ಮಡಿ ಎರಡು ಪಟ್ಟು ಅಗಲ ಆಯಿತು, ಅಂಗಾಲೆಲ್ಲ ನೇರಳೆ ಬಣ್ಣ. ಎಕ್ಸರೇ ನೋಡಿ ಮುರಿದಿದೆ ಅಂದರು, ಎಷ್ಟು ಚೂರು ಅಂತ ನೋಡೋಕೆ ಸಿಟಿ ಸ್ಕ್ಯಾನ್ ಮಾಡಿಸಿದರು. ಆಮೇಲೆ ಡಾಕ್ಟರು "ಸೊಂಟದ ಫಿಲ್ಮೂ ತೆಗೀರಿ" ಅಂದರು. ಅವನಿಗೆ ಸೊಂಟದ ನೋವೇ ಇರಲಿಲ್ಲ. ದುಡ್ಡು ಕೀಳೋಕೆ ಅಂತ ನಾನೇ ಜಗಳಕ್ಕೆ ನಿಂತೆ. ನೋಡಿದರೆ ಬೆನ್ನುಮೂಳೆಯ ಒಂದು ಬಿಲ್ಲೆ ಕುಸಿದಿತ್ತು! ಎತ್ತರದಿಂದ ಹಿಮ್ಮಡಿ ಮೇಲೆ ಬಿದ್ದವರಿಗೆ ಪೆಟ್ಟು ಹಾಗೇ ಮೇಲಕ್ಕೆ ಹೋಗಿ ಬೆನ್ನಿಗೆ ತಾಗುತ್ತದಂತೆ. ಕಾಲಿನ ನೋವಿನ ಮುಂದೆ ಬೆನ್ನಿಂದು ಗೊತ್ತಾಗಲ್ಲ. ಆ ಡಾಕ್ಟರಿಗೆ ಆಮೇಲೆ ಕ್ಷಮೆ ಕೇಳಿದೆ ಬಿಡಿ.

ಕೋಟೆ ಮೆಟ್ಟಿಲು

ದುರ್ಗದಿಂದ ನಮ್ಮನೆಯದೂ ಒಂದು ಕಥೆ. ಅಕ್ಕನ ಮಗ, ಹನ್ನೆರಡು ವರ್ಷ, ಸ್ವಲ್ಪ ದಪ್ಪ. ಕೋಟೆ ಹತ್ತಿ ಬಂದ ದಿನದಿಂದ ಮಂಡಿ ನೋವು ಅಂತ ಕುಂಟುತ್ತಿದ್ದ. ಹತ್ತಿದ್ದಕ್ಕೇ ನೋವು ಅಂತ ನಾವು ಎಣ್ಣೆ ಉಜ್ಜಿದೆವು. ಮಂಡಿ ಎಕ್ಸರೇ ನಾರ್ಮಲ್. ಶಾಲೆ ತಪ್ಪಿಸೋ ನಾಟಕ ಅಂತ ಅವರಪ್ಪ ಬೈದಿದ್ದೂ ಆಯಿತು. ಮೂರನೇ ಡಾಕ್ಟರು ಅವನನ್ನು ಮಲಗಿಸಿ ತೊಡೆಯನ್ನು ಹೊಟ್ಟೆ ಕಡೆಗೆ ಮಡಿಸಿದರು. ಕಾಲು ನೇರ ಬರಲಿಲ್ಲ, ತಾನಾಗೇ ಹೊರಗೆ ತಿರುಗಿಕೊಂಡಿತು. ತಕ್ಷಣ ಎರಡೂ ಸೊಂಟದ ಕೀಲಿನ ಎಕ್ಸರೇ. ತೊಡೆ ಮೂಳೆಯ ತಲೆ ಬೆಳೆಯುವ ಜಾಗದಲ್ಲಿ ಜಾರಿತ್ತು. ಒಂದು ಹೆಜ್ಜೆಯೂ ನಡೆಸಬೇಡಿ ಅಂತ ಸ್ಟ್ರೆಚರ್ ಮೇಲೇ ಮಲಗಿಸಿ ಕರೆದುಕೊಂಡು ಹೋದರು, ಮಾರನೇ ದಿನ ಸ್ಕ್ರೂ ಹಾಕಿದರು. ನೋವು ಮಂಡಿಯಲ್ಲಿ, ರೋಗ ಸೊಂಟದಲ್ಲಿ. ಪಾಪದ ಮಗು ಬೈಸಿಕೊಂಡಿದ್ದು ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಬೆಣ್ಣೆದೋಸೆ ಖಾಲಿ

ಮೊನ್ನೆ ಕೋಟೆಯಲ್ಲಿ ನನಗೂ ಕಾಲು ಹೊರಳಿತು. ಎಕ್ಸರೇ ಬೇಕಾ ಬೇಡವಾ ಅಂತ ಹೇಗೆ ತಿಳಿಯೋದು? ನಮ್ಮತ್ತೆ ಆಗಲೇ ಎಕ್ಕದ ಗಿಡ ಹುಡುಕುತ್ತಿದ್ದಾರೆ.

ಹರಿಹರದ ಫಿಸಿಯೋ

ಇದಕ್ಕೆ ಕೆನಡಾದ ಒಟ್ಟಾವದಲ್ಲಿ 1992ರಲ್ಲಿ ಒಂದು ನಿಯಮ ಮಾಡಿದರು. ಕಾಲು ಹೊರಳಿದವರಿಗೆಲ್ಲ ಫಿಲ್ಮ್ ತೆಗೆಯುತ್ತಿದ್ದರು, ಮುರಿದಿರುತ್ತಿದ್ದದ್ದು ನೂರಕ್ಕೆ ಹದಿನೈದಕ್ಕೂ ಕಮ್ಮಿ. ಹೊರಳಿದ ಕೂಡಲೇ ನಾಲ್ಕು ಹೆಜ್ಜೆ ಇಡೋಕಾಯಿತಾ? ಆಸ್ಪತ್ರೆಯಲ್ಲಿ ಆಗುತ್ತಾ? ಕುಂಟಿದರೂ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಹರಡಿನ ಎರಡೂ ಗುಬಟುಗಳ ಹಿಂದಿನ ಅಂಚನ್ನು ತುದಿಯಿಂದ ಆರು ಸೆಂಟಿಮೀಟರ್ ಮೇಲಿನವರೆಗೆ ಮೂಳೆ ಮೇಲೇ ಒತ್ತಬೇಕು. ಪಾದದ ಹೊರ ಅಂಚಿನಲ್ಲಿ ಕಿರುಬೆರಳಿನ ಮೂಳೆಯ ಬುಡ, ಒಳ ಅಂಚಿನಲ್ಲಿ ದೋಣಿ ಆಕಾರದ ಮೂಳೆ, ಇವನ್ನೂ ಒತ್ತಬೇಕು. ನಾಲ್ಕು ಹೆಜ್ಜೆ ಆಗಿ, ಇಲ್ಲೆಲ್ಲೂ ನೋವಿಲ್ಲದಿದ್ದರೆ ಮುರಿದಿರುವ ಸಾಧ್ಯತೆ ತೀರಾ ಕಮ್ಮಿ. ಕುಡಿದಿದ್ದವರಿಗೆ, ಪಾದಕ್ಕೆ ಸ್ಪರ್ಶ ಇಲ್ಲದವರಿಗೆ ಈ ಲೆಕ್ಕ ನಂಬುವ ಹಾಗಿಲ್ಲ. ಅಂಗಾಲಿನ ಮಧ್ಯೆ ಕಂದಿದ್ದರೆ ಮಾತ್ರ ಸುಮ್ಮನಿರಬೇಡಿ. ಪಾದದ ನಡುವಿನ ಕೀಲು ಬಿಟ್ಟಿರಬಹುದು, ಅದು ಮಲಗಿಸಿ ತೆಗೆದ ಫಿಲ್ಮಿನಲ್ಲಿ ತಪ್ಪಿಹೋಗುತ್ತದೆ.

ಬೆಣ್ಣೆದೋಸೆ ಖಾಲಿ

ನಾಲ್ಕಲ್ಲ, ದೋಸೆ ಹೋಟೆಲ್ ತನಕ ನಡೆದೆ. ಅತ್ತೆಗೆ ಹೇಳುತ್ತೇನೆ.

ಜಗಳೂರು ಮೇಷ್ಟ್ರು

ಒಂದು ಮಾತು ಸೇರಿಸುತ್ತೇನೆ. ನಮ್ಮ ತಾಲ್ಲೂಕು, ಆ ಕಡೆ ಚಳ್ಳಕೆರೆ, ಮೊಳಕಾಲ್ಮೂರು, ಇಲ್ಲೆಲ್ಲ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ದಾಟಿದ ನೀರು ಕುಡಿದವರಿಗೆ ಮಂಡಿ, ಸೊಂಟ, ಬೆನ್ನು ಬಿಗಿಯುತ್ತದೆ. ಎಲ್ಲರೂ ವಾತ ಅಂತಲೇ ಮಾತ್ರೆ ನುಂಗುತ್ತಾರೆ. ನಮ್ಮ ದೊಡ್ಡಪ್ಪನಿಗೆ ಹತ್ತು ವರ್ಷ ಹಾಗೇ ಆಯಿತು. ಕೊನೆಗೆ ಫಿಲ್ಮ್ ನೋಡಿದ ಡಾಕ್ಟರೊಬ್ಬರು "ಯಾವೂರು ನಿಮ್ಮದು? ಯಾವ ನೀರು ಕುಡಿಯೋದು?" ಅಂತ ಕೇಳಿದರು. ಮೂಳೆ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯೂ ಗಟ್ಟಿಯಾಗಿ ಫಿಲ್ಮಿನಲ್ಲಿ ಬಿದ್ದಿತ್ತು. ಅದು ಫ್ಲೋರೋಸಿಸ್‌ನ ದೊಡ್ಡ ಗುರುತಂತೆ. ಭಾರತದಲ್ಲಿ ಇದನ್ನು ಮೊದಲು 1937ರಲ್ಲಿ ನೆಲ್ಲೂರು ಕಡೆ ಗುರುತಿಸಿದ್ದು. ಬೇರೆ ಊರಲ್ಲಿ ತೋರಿಸುವಾಗ ನಮ್ಮ ಕಡೆಯವರು ತಮ್ಮ ಹಳ್ಳಿ ಹೆಸರನ್ನೂ ನೀರನ್ನೂ ಮರೆಯದೆ ಹೇಳಬೇಕು.

ಹಳೇಪೇಟೆ ಮಗ

ಮೇಲೆ ಬಿಸಿ ಇಟ್ಟಿಗೆ ಬಗ್ಗೆ ಅಣ್ಣ ಹೇಳಿದ್ದು ಓದಿ ಬರೆಯುತ್ತಿದ್ದೇನೆ. ಅಪ್ಪನಿಗೆ ಹದಿನೆಂಟು ವರ್ಷದಿಂದ ಶುಗರ್. ಒಂದು ದಿನ ಎಡಪಾದ ಕೆಂಪಗೆ ಊದಿತ್ತು, ಮುಟ್ಟಿದರೆ ಬಿಸಿ. ಆದರೆ ಅಷ್ಟಾಗಿ ನೋವೇ ಇಲ್ಲ. ನಂಜು ಅಂತ ಒಂದು ಕಡೆ ಆ್ಯಂಟಿಬಯೋಟಿಕ್ ಕೊಟ್ಟರು, ಇನ್ನೊಂದು ಕಡೆ ಗೌಟ್ ಅಂದರು. ಎಕ್ಸರೇ ನಾರ್ಮಲ್. ನೋವಿಲ್ಲವಲ್ಲ ಅಂತ ಅಪ್ಪ ದಿನಾ ಅಂಗಡಿಗೆ ನಡೆದುಕೊಂಡೇ ಹೋದರು.

ಐದನೇ ವಾರಕ್ಕೆ ಪಾದದ ಕಮಾನು ಕುಸಿದು ಅಂಗಾಲು ತೊಟ್ಟಿಲ ತಳದ ಹಾಗೆ ಉಬ್ಬಿತು. ಆಗ ತೆಗೆದ ಎಕ್ಸರೇಯಲ್ಲಿ ಮೂಳೆಗಳೆಲ್ಲ ಚೂರು. ಶಾರ್ಕೋ ಪಾದ ಅಂತ ಹೆಸರಂತೆ. ಕೊನೆಗೆ ನೋಡಿದ ಡಾಕ್ಟರು ಹೇಳಿದ್ದು ಇಷ್ಟು. ಶುರುವಿನಲ್ಲಿ ಎಕ್ಸರೇಯಲ್ಲಿ ಏನೂ ಇರದೇ ಇರಬಹುದು, ಎಂಆರ್‌ಐ ಮೊದಲೇ ತೋರಿಸುತ್ತದೆ. ಅದಕ್ಕೂ ಮುಂಚೆ ಎರಡೂ ಪಾದ ಮುಟ್ಟಿ ಒಂದು 2 ಡಿಗ್ರಿ ಜಾಸ್ತಿ ಬಿಸಿ ಇದೆಯಾ ಅಂತ ನೋಡಬೇಕು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಸ್ಪರ್ಶ ನೋಡಬೇಕು. ಅನುಮಾನ ಬಂದ ದಿನವೇ ಭಾರ ಬೀಳದ ಹಾಗೆ ಕಟ್ಟು ಹಾಕಬೇಕು. ಅಪ್ಪನ ಮುಂದೆ ಆ ಎಳೆ ತಂದಾಗ ಅವರು ಕಣ್ಣು ಮುಚ್ಚಿ "ಶುರು ಮಾಡಿ" ಅಂತ ಕಾಯುತ್ತಿದ್ದರು. ಅಷ್ಟೊತ್ತಿಗೆ ಆರು ಕಡೆ ತಾಗಿಸಿ ಆಗಿತ್ತು.

ಡಾರ್ಕ್‌ರೂಮ್ ಅಣ್ಣ

ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕಾಗಲಿಲ್ಲ. ಇಂಥ ಪಾದ ಎಷ್ಟೋ ಸಲ ನನ್ನ ಟೇಬಲ್ ಮೇಲೆ ಬಂದಿರುತ್ತದೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಪಾದದ ಎಕ್ಸರೇಗೆ, ಎಂಆರ್‌ಐಗೆ ಬರುವ ಮುಂಚೆ ಗೆಜ್ಜೆ, ಕಾಲುಂಗುರ ಮನೆಯಲ್ಲೇ ತೆಗೆದು ಬನ್ನಿ. ಮುತ್ತೈದೆಯರು ತೆಗೆಯೋಕೆ ಒಪ್ಪುವುದಿಲ್ಲ, ನನಗೂ ಬಲವಂತ ಮಾಡೋಕೆ ಮನಸ್ಸಾಗಲ್ಲ. ಅದಕ್ಕೇ ಡ್ರಾಯರ್‌ನಲ್ಲಿ ಅರಿಶಿನ ದಾರ ಇಟ್ಟಿದ್ದೇನೆ. ಉಂಗುರ ತೆಗೆದು ಅಷ್ಟು ಹೊತ್ತು ಬೆರಳಿಗೆ ದಾರ ಕಟ್ಟಿಕೊಳ್ಳಿ ಅಂತೇನೆ. ಊದಿದ ಬೆರಳಿಗೆ ಸಿಕ್ಕಿಕೊಂಡಿದ್ದರೆ ದಾರವನ್ನೇ ಬೆರಳಿಗೆ ಒತ್ತಾಗಿ ಸುತ್ತಿ, ಸೋಪು ಹಚ್ಚಿ, ಒಂದೊಂದೇ ಸುತ್ತು ಬಿಚ್ಚಿದರೆ ಉಂಗುರ ಜಾರಿ ಬರುತ್ತದೆ. ಪಟ್ಟು ಹಾಕಿದ್ದರೂ ತೊಳೆದು ಬನ್ನಿ. ಉದ್ದಿನ ಹಿಟ್ಟು, ಮೊಟ್ಟೆ ಒಣಗಿ ಗಟ್ಟಿಯಾದರೆ ಊತ ಎಲ್ಲಿದೆ ಅಂತಲೇ ಕಾಣಲ್ಲ.

ಕೆಟಿಜೆ ನಗರದ ಹುಡುಗಿ · ಒಂಬತ್ತು ವಾರದ ನಂತರ

ಎಲ್ಲರಿಗೂ ಅಪ್‌ಡೇಟ್ ಕೊಡೋದು ಬಾಕಿ ಇತ್ತು. ಬೇರೆ ಮೂಳೆ ಡಾಕ್ಟರ ಹತ್ತಿರ ಹೋದೆವು. ಇವರು ಅಮ್ಮನ ಕಾಲನ್ನು ತಮ್ಮ ಮಂಡಿ ಮೇಲೇ ಇಟ್ಟುಕೊಂಡು ಒತ್ತಿ ನೋಡಿದರು. ಎಂಆರ್‌ಐ ಬೇಡ, ಆಪರೇಷನ್ ಮಾತು ಈಗ ಎತ್ತಲೇಬೇಡಿ ಅಂದರು. ಪಾದಕ್ಕೆ ಅಲ್ಟ್ರಾಸೌಂಡ್ ಮಾಡಿಸಿದರು. ಬಲಕ್ಕೆ 5.6 ಮಿಲಿಮೀಟರ್, ಎಡಕ್ಕೆ 3.4. ಇಂಜೆಕ್ಷನ್ ಕೇಳಿದ್ದಕ್ಕೆ, ಮೊದಲೇ ಬೇಡ, ಸ್ಟೀರಾಯ್ಡ್‌ನಿಂದ ಪಟ್ಟಿ ಹರಿಯುವುದೂ ಉಂಟು, ಹಿಮ್ಮಡಿಯ ಕೊಬ್ಬು ಕರಗುವುದೂ ಉಂಟು ಅಂದರು. ಪೂರ್ತಿ ವಾಸಿಯಾಗೋಕೆ ಆರು ತಿಂಗಳು, ಒಂದು ವರ್ಷವೂ ಹಿಡಿಯಬಹುದಂತೆ.

ಈಗ ಅಮ್ಮ ಹಾಸಿಗೆ ಬಿಡುವ ಮುಂಚೆ ಬೆರಳುಗಳನ್ನು ಕೈಯಲ್ಲಿ ಹಿಂದಕ್ಕೆ ಎಳೆದು ಹತ್ತು ಎಣಿಸುತ್ತಾರೆ, ಹತ್ತು ಸಲ. ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುತ್ತಾರೆ. ಸಂಜೆ ಐಸ್ ಕಟ್ಟಿದ ನೀರಿನ ಬಾಟಲಿ ಅಂಗಾಲಲ್ಲಿ ಉರುಳಿಸುತ್ತಾ ಧಾರಾವಾಹಿ. ಅಡುಗೆ ಕೋಣೆಗೆ ಚಪ್ಪಲಿ ಹಾಕೋದಕ್ಕೆ ಮಾತ್ರ ಒಂದು ವಾರ ಜಗಳ ಆಯಿತು. ಕೊನೆಗೆ ಒಳಗೆ ಮಾತ್ರ ಹಾಕೋಕೆ ಅಂತ ಮೆತ್ತನೆಯ ಹೊಸ ಜೋಡಿ ತಂದೆವು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿಯೇ ಒಳಗೆ ಬಿಟ್ಟುಕೊಂಡಿದ್ದು.

ನೋವು ಅರ್ಧಕ್ಕರ್ಧ ಇಳಿದಿದೆ. ಮೊನ್ನೆ ಭಾನುವಾರ ಕುಂದವಾಡ ಕೆರೆ ಏರಿ ಮೇಲೆ ಅರ್ಧ ದೂರ ನಡೆದು ಬಂದರು.

ಡಾರ್ಕ್‌ರೂಮ್ ಅಣ್ಣ

ಬಹಳ ಸಂತೋಷ ತಂಗೀ. ಹಳೇ ಎಕ್ಸರೇ ಫಿಲ್ಮ್ ಬಿಸಾಡಬೇಡಿ, ಮುಂದೆ ಹೋಲಿಸಿ ನೋಡೋಕೆ ಬೇಕಾಗುತ್ತದೆ.

ಕೆಟಿಜೆ ನಗರದ ಹುಡುಗಿ

ಫಿಲ್ಮ್ ಇದೆ ಅಣ್ಣ. ಅದರ ದೊಡ್ಡ ಕವರ್‌ನಲ್ಲಿ ಅಮ್ಮ ರೇಷನ್ ಕಾರ್ಡು, ಮನೆ ಕಂದಾಯದ ರಸೀದಿ ಎಲ್ಲ ಇಟ್ಟಿದ್ದಾರೆ. ಮುಳ್ಳೂ ಅದರಲ್ಲೇ ಇದೆ.